ಸ್ಪೈರಲ್ ಬೈಂಡಿಂಗ್ ಮಷಿನ್: ತೂತಿಗೆ ಪೂರ್ತಿ ಅಂಕ, ಟ್ರೇಗೆ ಸೊನ್ನೆ

ಕೈಯಿಂದ ಒತ್ತುವ ಸ್ಪೈರಲ್ ಬೈಂಡಿಂಗ್ ಮಷಿನ್ ಇದು. ಎ4 ಹಾಳೆಗೂ ಆಗುತ್ತದೆ, ಉದ್ದನೆಯ ಲೀಗಲ್ ಹಾಳೆಗೂ ಆಗುತ್ತದೆ. ಜಿಎಸ್‌ಟಿ ಸೇರಿ ಏಳು ಸಾವಿರದ ಆಸುಪಾಸು ಬಿತ್ತು. ತೂತು ಹೊಡೆಯುವುದರಲ್ಲಿ ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಚೂರು ಬೀಳುವ ಟ್ರೇಗೆ ಮಾತ್ರ ಸೊನ್ನೆ. ಕಂಪನಿ ಹೆಸರು ಬರೆಯುತ್ತಿಲ್ಲ, ಬರೆದರೂ ಉಪಯೋಗ ಕಡಿಮೆ. ಹುಬ್ಬಳ್ಳಿಯಲ್ಲಿ ಇದೇ ಮಷಿನ್ನು, ಇದೇ ನೀಲಿ ಬಣ್ಣದಲ್ಲಿ, ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿಕೊಂಡು ಮೂರ್ನಾಲ್ಕು ಅಂಗಡಿಗಳಲ್ಲಿ ಕೂತಿದೆ. ಹಾಗಾಗಿ ಸ್ಟಿಕ್ಕರ್ ಬಿಡಿ, ಮಷಿನ್ ನೋಡೋಣ.

ನನ್ನ ಝೆರಾಕ್ಸ್ ಅಂಗಡಿ ಇರುವುದು ಧಾರವಾಡದ ಸಪ್ತಾಪುರದಲ್ಲಿ. ಸುತ್ತಲೂ ಕೋಚಿಂಗ್ ಸೆಂಟರ್, ಪಿಜಿ, ಖಾನಾವಳಿ. ಬರುವವರು ಕೆಎಎಸ್, ಪಿಎಸ್‌ಐ, ಎಫ್‌ಡಿಎ ಓದುವ ಹುಡುಗರು, ಹುಡುಗಿಯರು. ಆಫೀಸಿನಲ್ಲಿ ಬೈಂಡ್ ಮಾಡಿದ ವರದಿ ಒಮ್ಮೆ ಟೇಬಲ್ ಮೇಲೆ ಕೂತರೆ ಅಲ್ಲೇ ಧೂಳು ತಿನ್ನುತ್ತದೆ. ನಮ್ಮಲ್ಲಿ ಹಾಗಲ್ಲ. ಇಲ್ಲಿಂದ ಹೋದ ನೋಟ್ಸು ಬ್ಯಾಗಿನಲ್ಲಿ ಟಿಫನ್ ಡಬ್ಬಿಯ ಜೊತೆ ತಿಂಗಳುಗಟ್ಟಲೆ ತಿರುಗುತ್ತದೆ. ಬಸ್ಸಿನಲ್ಲಿ ಸೀಟು ಹಿಡಿಯಲು ಕಿಟಕಿಯಿಂದ ಎಸೆಯುವುದೂ ಅದನ್ನೇ, ಲೈಬ್ರರಿಯಲ್ಲಿ ಕುರ್ಚಿ ಕಾಯುವುದೂ ಅದೇ. ಬೈಂಡಿಂಗ್ ಕೆಟ್ಟಿದ್ದರೆ ವಾರದೊಳಗೆ ಪುಸ್ತಕ ವಾಪಸ್ ಬರುತ್ತದೆ, ಜೊತೆಗೆ ನಾಲ್ಕು ಮಾತೂ ಬರುತ್ತವೆ. ಮಷಿನ್ ಬಗ್ಗೆ ಹೇಳಲು ಇಷ್ಟು ಅರ್ಹತೆ ಸಾಕಲ್ವಾ?

ಸ್ಪೈರಲ್ಲೇ ಯಾಕೆ ಅಂತ ಕೇಳಬಹುದು. ಓದುವವರಿಗೆ ಪುಸ್ತಕ ಪೂರ್ತಿ ಹಿಂದಕ್ಕೆ ಮಡಚಬೇಕು, ಒಂದೇ ಕೈಯಲ್ಲಿ ಹಿಡಿಯಬೇಕು. ಅದು ಸ್ಪೈರಲ್‌ನಲ್ಲಿ ಆಗುತ್ತದೆ. ಕೋಂಬ್ ಬೈಂಡಿಂಗ್‌ನಲ್ಲಿ, ಅಂದರೆ ಎ4ಗೆ 21 ಅಗಲವಾದ ಪ್ಲಾಸ್ಟಿಕ್ ಹಲ್ಲಿರುವ ಪಟ್ಟಿ ಹಾಕುವುದರಲ್ಲಿ, ಹಾಗೆ ಮಡಚಲು ಬರುವುದಿಲ್ಲ. ಆದರೆ ಅದನ್ನು ಬಿಚ್ಚಿ ನಡುವೆ ಹಾಳೆ ಸೇರಿಸುವುದು ಸುಲಭ, ಆಫೀಸಿಗೆ ಅದೇ ಒಳ್ಳೆಯದು. ವೈರೋ, ಅಂದರೆ ಜೋಡಿ ತಂತಿಯ ಬಳೆ ಹಾಕುವುದು, ನೋಡಲು ಚೆಂದ. ಒಮ್ಮೆ ಬ್ಯಾಗಿನಲ್ಲಿ ಅಪ್ಪಚ್ಚಿಯಾಯಿತೆಂದರೆ ಹಾಗೇ ಉಳಿಯುತ್ತದೆ, ಹಾಳೆ ಸಿಕ್ಕಿಹಾಕಿಕೊಳ್ಳುತ್ತವೆ. ಪ್ಲಾಸ್ಟಿಕ್ ಸುರುಳಿ ಒತ್ತಿದರೂ ಮತ್ತೆ ಎದ್ದು ನಿಲ್ಲುತ್ತದೆ.

ಈಗ ತೂತಿನ ವಿಷಯ. ಡಬ್ಬದ ಮೇಲೆ ಒಮ್ಮೆಗೆ 20 ಹಾಳೆ ಅಂತ ಬರೆದಿದೆ. ಆಗುತ್ತದೆ, ಆದರೆ ಹ್ಯಾಂಡಲ್ ಮೇಲೆ ಜೋತುಬೀಳಬೇಕು. ನಾನು 75 ಜಿಎಸ್‌ಎಂ (ಚದರ ಮೀಟರಿಗೆ 75 ಗ್ರಾಂ ತೂಗುವ) ಹಾಳೆ ಹತ್ತರ ಮೇಲೆ ಒಂದೆರಡು ಇಡುತ್ತೇನೆ, ಅಷ್ಟೇ. ಅಷ್ಟಿಟ್ಟರೆ ಹ್ಯಾಂಡಲ್ ಒಂದೇ ಲಯದಲ್ಲಿ ಇಳಿಯುತ್ತದೆ. ನಿಧಾನವಾಗಿ ಒತ್ತಿ ಕಿವಿಗೊಟ್ಟು ಕೇಳಿ: ಒಂದೇ ಸಲ ಢಬ್ ಅನ್ನುವುದಿಲ್ಲ, ಚಟಚಟಚಟ ಅನ್ನುತ್ತಾ ಸದ್ದು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತದೆ. ಎಲ್ಲ ಪಿನ್ನೂ ಒಟ್ಟಿಗೆ ಹಾಳೆಗೆ ಇಳಿಯುವುದಿಲ್ಲ, ಒಂದರ ಹಿಂದೆ ಒಂದು ಇಳಿಯುತ್ತವೆ. ಇಲ್ಲದಿದ್ದರೆ ನಲವತ್ತಕ್ಕೂ ಹೆಚ್ಚು ತೂತನ್ನು ಒಂದೇ ಏಟಿಗೆ ಹೊಡೆಯಲು ನನ್ನ ತೋಳಿನಲ್ಲಿ ಎಲ್ಲಿಯ ಬಲ? ಇದನ್ನು ಮಾಡಿದವನು ಕೆಲಸ ತಿಳಿದವನೇ.

ಎರಡನೇ ಮೆಚ್ಚುಗೆ, ತುದಿಯ ಪಿನ್ನುಗಳನ್ನು ಮೇಲೆ ಎಳೆದು ಇಡಬಹುದು. ಎಳೆದ ಪಿನ್ನು ತೂತು ಹೊಡೆಯುವುದಿಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು. ಎ4 ಹಾಳೆಯ ಉದ್ದ 297 ಮಿ.ಮೀ., ಲೀಗಲ್ ಸುಮಾರು 356. ಲೀಗಲ್‌ಗೆ ಬೇಕಾದ ಪಿನ್ನುಗಳ ಸಾಲಿಗೆ ಎ4 ಕೊಟ್ಟರೆ ಹಾಳೆಯ ಅಂಚಿನ ಮೇಲೇ ಒಂದು ಪಿನ್ನು ಬೀಳುತ್ತದೆ. ಅಂಚಿನಲ್ಲಿ ಅರ್ಧ ತೂತು ಬಿದ್ದರೆ ಆ ಮೂಲೆ ಬೇಗ ಹರಿಯುತ್ತದೆ. ಅದಕ್ಕೆ ಹಾಳೆಯ ಅಂಚು ತಾಗಿ ನಿಲ್ಲುವ ಪಕ್ಕದ ಗೈಡನ್ನು ಸರಿಸಿ, ರದ್ದಿ ಹಾಳೆಯ ಮೇಲೆ ಒಮ್ಮೆ ಹೊಡೆದು, ಎರಡೂ ತುದಿಯಲ್ಲಿ ಸಮ ಜಾಗ ಉಳಿದಿದೆಯಾ ನೋಡಿ ಗೈಡ್ ಬಿಗಿ ಮಾಡುವುದು. ಲೀಗಲ್ ಕೆಲಸ ಈಗ ಕಡಿಮೆಯಾಗಿದೆ. 2020ರ ಏಪ್ರಿಲ್‌ನಿಂದ ಸುಪ್ರೀಂ ಕೋರ್ಟೇ ಎ4 ಹಾಳೆಗೆ ಬಂದಿತು. ಆದರೂ ಹಳೆಯ ಕಾಗದಪತ್ರ ಹೊತ್ತು ತರುವವರು ಇದ್ದೇ ಇದ್ದಾರೆ. ಅದಕ್ಕಾಗಿ ಉದ್ದದ ಮಷಿನ್ನೇ ತೆಗೆದುಕೊಳ್ಳಿ, ಬೆಲೆಯಲ್ಲಿ ಬಹಳ ವ್ಯತ್ಯಾಸವಿಲ್ಲ.

ಗೈಡಿನ ಸ್ಕ್ರೂ ಮಾತ್ರ ಪ್ಲಾಸ್ಟಿಕ್. ದಿನವಿಡೀ ಹಾಳೆ ಕುಟ್ಟಿ ಕುಟ್ಟಿ ಅದು ಕೂದಲೆಳೆಯಷ್ಟು ಸರಿಯುತ್ತದೆ. ಪುಸ್ತಕದ ಮೊದಲ ಹಿಡಿ ಹಾಳೆಗೂ ಕೊನೆಯ ಹಿಡಿಗೂ ತೂತು ತಾಳೆಯಾಗದಿದ್ದರೆ ಸುರುಳಿ ನಡುವೆ ನಿಂತುಬಿಡುತ್ತದೆ. ನಾನು ಅಲ್ಲಿ ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ಬೋಲ್ಟ್ ಹಾಕಿಸಿದೆ. ಇಷ್ಟು ಭಾರದ ಮಷಿನ್ನಿಗೆ ಒಂದು ಬೋಲ್ಟ್ ಹಾಕಲು ಕಂಪನಿಗೆ ಏನು ಕಷ್ಟವೋ!

ತೂತು ಅಂಚಿನಿಂದ ಎಷ್ಟು ಒಳಗೆ ಬೀಳಬೇಕು ಅನ್ನುವುದಕ್ಕೆ ಹಿಂದೆ ಒಂದು ಗುಂಡಿ (ನಾಬ್) ಇದೆ, ಮೂರು ಗೆರೆ. ತೆಳು ಪುಸ್ತಕಕ್ಕೆ ಅಂಚಿನ ಹತ್ತಿರ, ದಪ್ಪಕ್ಕೆ ಸ್ವಲ್ಪ ಒಳಗೆ. ಸಣ್ಣ ಸುರುಳಿಗೆ ತೂತು ತೀರಾ ಒಳಗೆ ಬಿದ್ದರೆ ಹಾಳೆ ಮಗುಚುವಾಗ ಬಿಗಿಯುತ್ತದೆ. ಹೆಚ್ಚಿನವರು ಆ ಗುಂಡಿ ಮುಟ್ಟುವುದೇ ಇಲ್ಲ. ಮುಟ್ಟಿ.

ಸುರುಳಿ ಏರಿಸುವ ಮೋಟರ್ ಇದರಲ್ಲಿಲ್ಲ, ಕೈಯಿಂದಲೇ ತಿರುಗಿಸಬೇಕು. ನನಗೆ ಅದರ ಬಗ್ಗೆ ತಕರಾರಿಲ್ಲ. ಅಳತೆ ಸರಿ ಇದ್ದರೆ ಬೆರಳ ತುದಿಯಲ್ಲಿ ಉರುಳಿಸುತ್ತಾ ಹೋದಂತೆ ಅದೇ ಹತ್ತಿಕೊಳ್ಳುತ್ತದೆ. 75 ಜಿಎಸ್‌ಎಂನ ನೂರು ಹಾಳೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ದಪ್ಪ ಬರುತ್ತದೆ. ಸುರುಳಿ ಅದಕ್ಕಿಂತ ಮೂರು ನಾಲ್ಕು ಮಿ.ಮೀ. ದೊಡ್ಡದಿರಬೇಕು, ಅಂದರೆ 14 ಎಂ.ಎಂ. ಎರಡು ರೂಪಾಯಿ ಉಳಿಸಲು 12 ಹಾಕಿದರೆ ಮಧ್ಯದ ಹಾಳೆಗಳ ತೂತು ಹರಿಯುತ್ತವೆ. ದಪ್ಪ ಪುಸ್ತಕವಾದರೆ ಮಷಿನ್ನಿನ ಮುಂದಿರುವ ಬಾಗಿದ ಪಟ್ಟಿಗೆ ಬೆನ್ನು ಒತ್ತಿ ಹಾಳೆಗಳನ್ನು ಸ್ವಲ್ಪ ಓರೆ ಮಾಡಿಕೊಳ್ಳಿ. ಸುರುಳಿ ನೇರ ಹೋಗುವುದಿಲ್ಲ, ಬಾಗಿಕೊಂಡು ಹೋಗುತ್ತದೆ. ಪುಸ್ತಕವೂ ಹಾಗೇ ಬಾಗಿದರೆ ತೂತು ದಾರಿಗೆ ಬರುತ್ತವೆ.

ಕೊನೆಗೆ ತುದಿ ಕತ್ತರಿಸಿ ಒಳಕ್ಕೆ ಬಗ್ಗಿಸುವ ಕೆಲಸ. ಇಲ್ಲೇ ಎಷ್ಟೋ ಅಂಗಡಿಯವರು ಕೈಕೊಡುವುದು. ಕತ್ತರಿಯಿಂದ ಕಚಕ್ ಅನ್ನಿಸಿ ಕೊಟ್ಟುಬಿಡುತ್ತಾರೆ. ಬಗ್ಗಿಸದ ತುದಿ ದಿನಕ್ಕೆ ಒಂದು ತೂತಿನಂತೆ ಹಿಂದೆ ಸರಿಯುತ್ತದೆ, ಒಂದು ದಿನ ಸುರುಳಿ ಕೈಗೆ, ಹಾಳೆ ನೆಲಕ್ಕೆ. ಮಷಿನ್ ಜೊತೆ ಬಂದ ಪ್ಲೈಯರ್ (ಇಕ್ಕಳ) ಕತ್ತರಿಸುವುದು, ಬಗ್ಗಿಸುವುದು ಎರಡನ್ನೂ ಒಂದೇ ಹಿಡಿತದಲ್ಲಿ ಮಾಡುತ್ತದೆ. ಒಳ್ಳೆಯ ಸಾಮಾನು. ಅದನ್ನು ಮೊಳೆ ಕೀಳಲು ಕೇಳುವವರಿಗೆ ಕೊಡಬೇಡಿ.

ಇನ್ನು ಆ ಟ್ರೇ. ನೂರು ಹಾಳೆಯ ಒಂದೇ ಪುಸ್ತಕದಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಚೂರು ಬೀಳುತ್ತವೆ. ಲೆಕ್ಕ ಹಾಕಿ ನೋಡಿ, ನೂರನ್ನು ನಲವತ್ತರಿಂದ ಗುಣಿಸಿದರೆ ಆಯಿತು. ಇಷ್ಟು ಚೂರಿಗೆ ಕೊಟ್ಟಿರುವುದು ಚಪಾತಿ ಡಬ್ಬಿಯ ಮುಚ್ಚಳದಷ್ಟು ತೆಳುವಾದ ಒಂದು ಪ್ಲಾಸ್ಟಿಕ್ ಟ್ರೇ. ಎತ್ತರ ಎರಡು ಬೆರಳು. ಎಳೆದರೆ ಹೊರಗೆ ಬರುವ ಮೊದಲು ತುಸು ಬಾಗುತ್ತದೆ, ಬಾಗಿದಾಗ ಅರ್ಧ ಚೂರು ಟೇಬಲ್ ಮೇಲೆ, ಉಳಿದರ್ಧ ಫ್ಯಾನ್ ಗಾಳಿಗೆ. ಪರೀಕ್ಷೆಯ ಹಿಂದಿನ ವಾರ ಅಂಗಡಿಗೆ ಬಂದರೆ ನನ್ನ ತಲೆಯ ಮೇಲೂ ಅಕ್ಷತೆ ಬಿದ್ದಿರುತ್ತದೆ.

ಗಲೀಜು ಆದರೆ ಗುಡಿಸಬಹುದು, ಅದು ದೊಡ್ಡದಲ್ಲ. ಟ್ರೇ ತುಂಬಿದ್ದು ಹೊರಗಿನಿಂದ ಕಾಣುವುದಿಲ್ಲ ಅನ್ನುವುದೇ ತೊಂದರೆ. ತುಂಬಿದ ಮೇಲೆ ಚೂರು ಮೇಲಕ್ಕೆ ಏರಿ ಪಿನ್ನು ಇಳಿಯುವ ತೂತುಗಳಲ್ಲೇ ಕೂರುತ್ತವೆ. ಮತ್ತೆ ಒತ್ತಿದಾಗ ಪಿನ್ನು ಅವನ್ನು ಜಜ್ಜಿ ಗಟ್ಟಿ ಬೆಣೆ ಮಾಡುತ್ತದೆ. ಹ್ಯಾಂಡಲ್ ಕೆಳಗೆ ಹೋಗಿ ಮೇಲೆ ಬರುವುದಿಲ್ಲ. ಆಗ ಎದುರಿಗೆ ನಿಂತವರು, “ಅಕ್ಕಾರ, ಲಗೂನ ಮಾಡಿ ಕೊಡ್ರಿ, ಬಸ್ ಐತಿ” ಅನ್ನುತ್ತಿರುತ್ತಾರೆ. ಹ್ಯಾಂಡಲನ್ನು ಜಗ್ಗಾಡಬೇಡಿ, ಪಿನ್ನು ಬಾಗುತ್ತದೆ. ಟ್ರೇ ತೆಗೆದು, ಕೆಳಗಿನಿಂದ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಆಮೇಲೆ ಹ್ಯಾಂಡಲ್ ಸಾವಕಾಶ ಎತ್ತಿದರೆ ಬಿಡುತ್ತದೆ. ಎರಡು ದೊಡ್ಡ ಪುಸ್ತಕಕ್ಕೊಮ್ಮೆ ಟ್ರೇ ಖಾಲಿ ಮಾಡುವುದು ನಮ್ಮ ಅಂಗಡಿಯ ನಿಯಮ. ಚೂರು ಹಾಳಾಗುವುದಿಲ್ಲ ಬಿಡಿ. ಪಿಜಿ ಹುಡುಗರು ಬರ್ತ್‌ಡೇಗೆ ಅಂತ ಕವರು ತುಂಬಿಸಿಕೊಂಡು ಹೋಗುತ್ತಾರೆ.

ಮುಂದೆ ಹಾಕುವ ಪಾರದರ್ಶಕ ಒಎಚ್‌ಪಿ ಶೀಟು, ಹಿಂದೆ ಹಾಕುವ ಬಣ್ಣದ ಪ್ಲಾಸ್ಟಿಕ್ ಶೀಟು, ಇವುಗಳ ಚೂರು ಇನ್ನೂ ಹಟಮಾರಿ. ಉಜ್ಜಿದಷ್ಟೂ ಟ್ರೇಗೆ ಅಂಟುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಬರುತ್ತವೆ. ಶೀಟನ್ನು ಒಂಟಿಯಾಗಿ ಹೊಡೆದರೆ ಕೆಲವೊಮ್ಮೆ ತೂತಿನ ಅಂಚು ಎದ್ದು ನಿಲ್ಲುತ್ತದೆ. ಮೇಲೆ ಕೆಳಗೆ ಎರಡೆರಡು ರದ್ದಿ ಹಾಳೆ ಇಟ್ಟು ಹೊಡೆಯಿರಿ, ನೀಟಾಗಿ ಬರುತ್ತದೆ.

ಎಣ್ಣೆಯ ಬಗ್ಗೆ ಮಷಿನ್ ಜೊತೆ ಬಂದ ಚೀಟಿಯಲ್ಲಿ ಒಂದು ಅಕ್ಷರವೂ ಇಲ್ಲ. ಹ್ಯಾಂಡಲ್ ತಿರುಗುವ ಎರಡೂ ಕಡೆ ಹೊಲಿಗೆ ಮಷಿನ್ ಎಣ್ಣೆ ಒಂದೊಂದು ಹನಿ. ಪಿನ್ನಿಗೆ ನೇರವಾಗಿ ಸುರಿಯಬಾರದು, ಸುರಿದರೆ ಕಾಗದದ ಧೂಳು ಕಲೆತು ಕರಿ ಮಣ್ಣಾಗುತ್ತದೆ. ಒಂದು ರದ್ದಿ ಹಾಳೆಗೆ ಎಣ್ಣೆ ಸವರಿ ಅದನ್ನು ಹೊಡೆಯಿರಿ, ಪಿನ್ನು ತನಗೆ ಬೇಕಾದಷ್ಟು ಹಿಡಿದುಕೊಳ್ಳುತ್ತದೆ. ಆಮೇಲೆ ಒಣ ಹಾಳೆಗಳನ್ನು ಹೊಡೆಯುತ್ತಾ ಹೋಗಿ, ತೂತಿನ ಸುತ್ತ ಎಣ್ಣೆಯ ಬಳೆ ಮೂಡುವುದು ನಿಂತ ಮೇಲೆ ಗಿರಾಕಿಯ ಹಾಳೆ ಮುಟ್ಟಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ. 24 ಡಿಗ್ರಿಗಿಂತ ಕೆಳಗೆ ಹೋದರೆ ಅದು ಹೆಪ್ಪುಗಟ್ಟುತ್ತದೆ. ಧಾರವಾಡದ ಡಿಸೆಂಬರ್ ಬೆಳಗ್ಗೆ ಹ್ಯಾಂಡಲ್ ಎತ್ತುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ.

ಮಳೆಗಾಲದ್ದು ಇನ್ನೊಂದು ಕಥೆ. ಜುಲೈನಲ್ಲಿ ಹಾಳೆಗೆ ತೇವ ಹತ್ತಿ ಮೆತ್ತಗಾಗುತ್ತದೆ, ತೂತು ಕಡಿದುಹೋಗುವ ಬದಲು ಚೂರು ಒಂದು ಬದಿಗೆ ಅಂಟಿಕೊಂಡು ನೇತಾಡುತ್ತದೆ. ಆಗ ಹಾಳೆಯ ಸಂಖ್ಯೆ ಇಳಿಸಿ, ಎಂಟಕ್ಕೆ ಬನ್ನಿ. ರಿಮ್ಮನ್ನು ಅದರ ಕವರಿನೊಳಗೇ ಇಟ್ಟು ಬೇಕಾದಷ್ಟೇ ತೆಗೆಯಿರಿ. ರಾತ್ರಿ ಮಷಿನ್ನಿಗೆ ಬಟ್ಟೆ ಹೊದಿಸಿ. ಪಿನ್ನಿಗೆ ತುಕ್ಕು ಬಂದರೆ ಮೊದಲ ಪುಸ್ತಕದ ತೂತಿಗೆಲ್ಲ ಕೇಸರಿ ಅಂಚು ಬರುತ್ತದೆ.

ಬೇಸಿಗೆಯಲ್ಲೂ ಚೂರು ನೇತಾಡುತ್ತಿದ್ದರೆ ಪಿನ್ನು ಮೊಂಡಾಗಿದೆ ಎಂದರ್ಥ. ಹಿಡಿಯ ಎಲ್ಲಕ್ಕಿಂತ ಕೆಳಗಿನ ಹಾಳೆಯನ್ನು ತಿರುಗಿಸಿ ಬೆರಳಾಡಿಸಿ, ತೂತಿನ ಸುತ್ತ ಚುಚ್ಚಿದರೆ ಸಾಣೆಗೆ ಸಮಯ ಬಂದಿದೆ. ಪಿನ್ನಿಗೆ ದೊಡ್ಡ ಶತ್ರು ಸ್ಟೇಪ್ಲರ್ ಪಿನ್ನು. ಹಳೆಯ ಪ್ರಶ್ನೆಪತ್ರಿಕೆ ತರುವವರು ಮೂಲೆಯಲ್ಲಿ ಎರಡೆರಡು ಹೊಡೆದಿರುತ್ತಾರೆ. ಹ್ಯಾಂಡಲ್ ಮುಟ್ಟುವ ಮೊದಲು ಹಾಳೆಯನ್ನು ಬೀಸಣಿಗೆಯಂತೆ ಬಿಡಿಸಿ ನೋಡುವುದು ಕಡ್ಡಾಯ. ಅದೇ ಹೊತ್ತಿಗೆ ಎಡಗಡೆ ಒಂದು ಇಂಚಾದರೂ ಖಾಲಿ ಇದೆಯಾ ಅಂತಲೂ ಗೊತ್ತಾಗುತ್ತದೆ. ಹಿಂದೆ ಮುಂದೆ ಪ್ರಿಂಟ್ ಇದ್ದಾಗ ಹಿಂಬದಿಯ ಬಲಗಡೆಯನ್ನೂ ನೋಡಿ, ಅಲ್ಲಿ ಅಕ್ಷರ ತೂತಿನೊಳಗೆ ಹೋಗಿರುತ್ತದೆ.

ಬಿಡಿಭಾಗದ ವಿಷಯದಲ್ಲಿ ನನಗೆ ಸಿಟ್ಟಿದೆ. ಕೊಳ್ಳುವಾಗ “ಫೋನ್ ಮಾಡ್ರಿ ಮೇಡಮ್ಮಾರ, ಹುಡುಗನ್ನ ಕಳಸ್ತೀವಿ” ಅಂದವರು ಒಂದು ಪಿನ್ನು ತುಂಡಾಗಿ ಫೋನ್ ಮಾಡಿದಾಗ “ಅದು ಸಪ್ರೇಟ್ ಸಿಗಾಂಗಿಲ್ರಿ, ಪೂರಾ ಸೆಟ್ ತಗೋಬೇಕು” ಅಂದರು. ಸೆಟ್ಟಿನ ಬೆಲೆ ಕೇಳಿ ಸುಮ್ಮನಾದೆ. ಕೊನೆಗೆ ಒಬ್ಬ ಲೇತ್‌ನವರು ಮುರಿದ ಪಿನ್ನಿನ ಅಳತೆ ಹಿಡಿದು ಹೊಸದನ್ನು ಮಾಡಿಕೊಟ್ಟರು, ಚಹಾ ಕುಡಿಸಿ ಕಳಿಸಿದರು. ಇವತ್ತಿಗೂ ಅದೇ ಪಿನ್ನು ಎಲ್ಲಕ್ಕಿಂತ ನೀಟಾಗಿ ತೂತು ಹೊಡೆಯುತ್ತದೆ.

ಮೋಟರ್ ಇರುವ ಮಷಿನ್ ಬೇಕಾ? ದಿನವಿಡೀ ಬೈಂಡಿಂಗೇ ಮಾಡುವವರಾದರೆ ಬೇಕು, ಭುಜ ಉಳಿಯುತ್ತದೆ. ಝೆರಾಕ್ಸು, ಪ್ರಿಂಟು, ಅರ್ಜಿ ತುಂಬುವುದರ ನಡುವೆ ಆಗೊಂದು ಈಗೊಂದು ಪುಸ್ತಕ ಅನ್ನುವವರಿಗೆ ಇದೇ ಸಾಕು. ಕರೆಂಟ್ ಹೋದಾಗ ಅಂಗಡಿಯಲ್ಲಿ ಕೆಲಸ ಮಾಡುವ ಮಷಿನ್ ಇದೊಂದೇ. ಮನೆಯಲ್ಲಿ ವರ್ಷಕ್ಕೆ ಎರಡು ಪ್ರಾಜೆಕ್ಟ್ ರಿಪೋರ್ಟ್ ಮಾಡುವವರು ಕೊಳ್ಳಬೇಡಿ, ನಮ್ಮಂಥವರ ಹತ್ತಿರ ಬನ್ನಿ.

ಕೊಳ್ಳಲು ಹೋಗುವಾಗ ಬ್ಯಾಗಿನಲ್ಲಿ ಒಂದಿಷ್ಟು ಎ4 ಹಾಳೆ, ಒಂದು ಒಎಚ್‌ಪಿ ಶೀಟು ಇಟ್ಟುಕೊಂಡು ಹೋಗಿ. ಶೋಕೇಸಿನ ಪೀಸ್ ಮೇಲೆ ಅಲ್ಲ, ನಿಮಗೆ ಕೊಡುವ ಡಬ್ಬ ಬಿಚ್ಚಿಸಿ ಅದರ ಮೇಲೇ ಹೊಡೆದು ನೋಡಿ. ಪಿನ್ನು ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ, ಸಿಗುತ್ತದೆ ಅಂದರೆ ನಾಲ್ಕು ಪಿನ್ನು ಅಲ್ಲೇ ಬಿಲ್ಲಿಗೆ ಸೇರಿಸಿಸಿ. ಟ್ರೇ ಕೂಡ ಇನ್ನೊಂದು ಕೇಳಿ, ಚೌಕಾಸಿ ಮಾಡಿದರೆ ಪುಕ್ಕಟೆ ಕೊಡುತ್ತಾರೆ.