ಒಂದು ಬದಿಯ ಕಿವುಡಿಗೆ ಯಾವ ಸಾಧನ: ಹಾಕಿ ನೋಡಿದ ಮೇಲಿನ ಹೋಲಿಕೆ

ಒಂದು ಕಿವಿ ಚೆನ್ನಾಗಿ ಕೇಳುತ್ತಿರುವಾಗ ಇನ್ನೊಂದಕ್ಕಾಗಿ ದುಡ್ಡು ಸುರಿಯಬೇಕೇ ಎಂದು ಕೇಳಿದರೆ ನಮ್ಮ ಕಡೆ ಹೆಚ್ಚಿನವರು ಬೇಡ ಎಂದೇ ಹೇಳುತ್ತಾರೆ. ಮನೆಯ ಜಗಲಿಯಲ್ಲಿ ಕುಳಿತು ಎದುರಿನವರೊಡನೆ ಮಾತಾಡುವಷ್ಟಕ್ಕೆ ಒಂದು ಕಿವಿ ಸಾಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಗೌಜಿಯ ನಡುವೆ ಒಬ್ಬರ ಮಾತನ್ನು ಹೆಕ್ಕಿ ಕೇಳುವುದು, ಕರೆದದ್ದು ಯಾವ ಬದಿಯಿಂದ ಎಂದು ತಿಳಿಯುವುದು, ಇವೆರಡೂ ಎರಡು ಕಿವಿಗಳು ಸೇರಿ ಮಾಡುವ ಕೆಲಸಗಳು. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಹೈಸ್ಕೂಲೊಂದರಲ್ಲಿ ಪಾಠ ಮಾಡುವ ನನಗೆ ದಿನವಿಡೀ ಬೇಕಾಗುವುದು ಈ ಎರಡೇ. ಆದ್ದರಿಂದ ಮಂಗಳೂರಿನ ಶ್ರವಣ ತಜ್ಞೆಯೊಬ್ಬರ ಸಹಾಯದಿಂದ, ಸಾಧ್ಯವಿದ್ದ ಸಾಧನಗಳನ್ನೆಲ್ಲ ಎರವಲು ಪಡೆದು, ತರಗತಿಯಲ್ಲಿ, ಬಸ್ಸಿನಲ್ಲಿ, ಜೆಂಬರದ ಮನೆಗಳಲ್ಲಿ ಹಾಕಿ ನೋಡಿ, ಆಮೇಲೆ ತೀರ್ಮಾನಕ್ಕೆ ಬಂದೆ.

ಮೊದಲು ನನ್ನ ಕಿವಿಯ ಸ್ಥಿತಿಯನ್ನು ಹೇಳಬೇಕು, ಏಕೆಂದರೆ ಮುಂದಿನದ್ದೆಲ್ಲ ಅದನ್ನೇ ಅವಲಂಬಿಸಿದೆ. ನನ್ನ ಎಡಗಿವಿ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಮುಚ್ಚಿಹೋಯಿತು. ಹಾಗಾದಾಗ ಶೀತವೆಂದೋ ಗುಗ್ಗೆಯೆಂದೋ ಎಣಿಸಿ ಕಾಯುತ್ತ ಕೂರದೆ, ಒಂದೆರಡು ದಿನಗಳೊಳಗೆ ಕಿವಿ-ಮೂಗು-ಗಂಟಲು ವೈದ್ಯರಲ್ಲಿಗೆ ಹೋಗಲೇಬೇಕು. ಒಳಕಿವಿಯ ಹಠಾತ್ ಕಿವುಡಿಗೆ ಕೊಡುವ ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರಗಳೊಳಗೆ ಸಿಕ್ಕಿದರಷ್ಟೇ ಹೆಚ್ಚಿನ ಪ್ರಯೋಜನ. ನನಗೆ ಅದು ಬೇಗನೆ ಸಿಕ್ಕಿತ್ತು, ಆದರೂ ಕಿವಿ ಮರಳಲಿಲ್ಲ. ಶ್ರವಣ ನರದ ಮೇಲೆ ಗಡ್ಡೆ ಇಲ್ಲವೆಂದು ಎಂಆರ್‌ಐ ಖಚಿತಪಡಿಸಿತು. ಒಂದೇ ಬದಿಗೆ ಕಿವುಡು ಬಂದವರೆಲ್ಲರೂ ಸಾಧನದ ಅಂಗಡಿಗೆ ಕಾಲಿಡುವ ಮೊದಲು ಈ ಪರೀಕ್ಷೆಯ ಅಗತ್ಯವಿದೆಯೇ ಎಂದು ವೈದ್ಯರಲ್ಲಿ ಕೇಳಿಕೊಳ್ಳಬೇಕು. ಈಗ ನನ್ನ ಬಲಗಿವಿಗೆ ಕೇಳಿಸುವ ಅತಿ ಮೆಲ್ಲನೆಯ ಸದ್ದಿನ ಸರಾಸರಿ 15 ಡೆಸಿಬೆಲ್, ಅಂದರೆ ಸಹಜ. ಎಡಗಿವಿಯದ್ದು 85, ಅಂದರೆ ತೀವ್ರ ನಷ್ಟ.

ಆದರೆ ನಿರ್ಣಾಯಕವಾದದ್ದು ಈ ಡೆಸಿಬೆಲ್ ಅಲ್ಲ. ಆ ಕಿವಿಗೆ ಶಬ್ದವನ್ನು ಸಾಕಷ್ಟು ಜೋರು ಮಾಡಿ ಕೊಟ್ಟಾಗ ನೂರರಲ್ಲಿ ಎಷ್ಟು ಪದಗಳನ್ನು ಅದು ಸರಿಯಾಗಿ ಗುರುತಿಸುತ್ತದೆ ಎಂಬ ಅಂಕ. ನನ್ನ ಎಡಗಿವಿಗೆ ಸಿಕ್ಕಿದ್ದು ಬರೇ 20. ಈ ಪರೀಕ್ಷೆಯ ಬಗ್ಗೆ ಗಡಿನಾಡಿನ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ ಇದೆ. ಕೇರಳದ ಆಸ್ಪತ್ರೆಗಳಲ್ಲಿ ಸಹಜವಾಗಿಯೇ ಮಲಯಾಳದ ಪದಪಟ್ಟಿಯನ್ನು ಓದಿ ಪರೀಕ್ಷಿಸುತ್ತಾರೆ. ನಾವು ಮಲಯಾಳ ಬಲ್ಲವರೇ ಆದರೂ ಅರ್ಧ ಕೇಳಿದ ಪದವನ್ನು ಊಹೆಯಿಂದ ಪೂರ್ತಿ ಮಾಡುವ ಶಕ್ತಿ ಹೆಚ್ಚಾಗಿ ಇರುವುದು ಹುಟ್ಟುನುಡಿಯಲ್ಲಿ, ಹಾಗಾಗಿ ಇನ್ನೊಂದು ಭಾಷೆಯಲ್ಲಿ ಅಂಕ ಇರಬೇಕಾದುದಕ್ಕಿಂತ ಕೆಳಗಿಳಿಯಬಹುದು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಸಿದ್ಧವಾದ ಕನ್ನಡ ಪದಪಟ್ಟಿಗಳು ಇವೆ. ಕನ್ನಡದಲ್ಲೇ ಪರೀಕ್ಷೆ ಬೇಕೆಂದು ಕೇಳುವುದರಲ್ಲಿ ಸಂಕೋಚ ಬೇಡ. ಇನ್ನೊಂದು ಮುನ್ನೆಚ್ಚರಿಕೆಯೂ ಬೇಕು. ಕೆಟ್ಟ ಕಿವಿಯನ್ನು ಪರೀಕ್ಷಿಸುವಾಗ ಒಳ್ಳೆಯ ಕಿವಿಗೆ ಬೇರೇನೂ ಕೇಳದಂತೆ ಮಾಡುವ ಮರೆಸದ್ದನ್ನು ಕೊಡದಿದ್ದರೆ, ಜೋರಾದ ಶಬ್ದ ತಲೆಬುರುಡೆಯನ್ನು ದಾಟಿ ಒಳ್ಳೆಯ ಕಿವಿಗೇ ಕೇಳಿ, ಸತ್ತ ಕಿವಿಯೂ ಬದುಕಿರುವಂತೆ ಕಾಗದದಲ್ಲಿ ಕಾಣುತ್ತದೆ.

ಏನನ್ನೂ ಹಾಕದೆ ಇರುವುದನ್ನೂ ಒಂದು ಆಯ್ಕೆ ಎಂದೇ ಎಣಿಸಿ ಪರೀಕ್ಷಿಸಿದೆ. ಬಸ್ಸಿನಲ್ಲಿ ಎಡಗಡೆಯ ಕಿಟಕಿಯ ಬದಿಗೆ ಕುಳಿತರೆ ಜತೆಯವರು ನನ್ನ ಬಲಕ್ಕೆ ಬರುತ್ತಾರೆ. ಸಭೆಯಲ್ಲಿ ಎಡ ಮೂಲೆಯ ಕುರ್ಚಿ ಹಿಡಿದರೆ ಎಲ್ಲರ ಮಾತೂ ಬಲಗಿವಿಗೆ ಬೀಳುತ್ತದೆ. ಊಟದ ಸಾಲಿನಲ್ಲಿ ಎಡತುದಿಯ ಬಾಳೆಯೆಲೆ ನನ್ನದು. ಇದಿಷ್ಟರಿಂದಲೇ ದಿನದ ಬಹುಪಾಲು ಸುಗಮವಾಗುತ್ತದೆ, ಖರ್ಚೂ ಇಲ್ಲ. ಸಾಲದೆ ಬಂದದ್ದು ತರಗತಿಯಲ್ಲಿ. ಹಲಗೆಯ ಮುಂದೆ ನಿಂತಾಗ ಮಕ್ಕಳು ಎರಡೂ ಬದಿಗೆ ಹರಡಿ ಕುಳಿತಿರುತ್ತಾರೆ, ಮೂಲೆಯ ಕುರ್ಚಿಯ ಉಪಾಯ ಅಲ್ಲಿ ನಡೆಯುವುದಿಲ್ಲ. ಎಡಬದಿಯ ಬೆಂಚಿನಿಂದ "ಟೀಚರೇ" ಎಂದು ಮೆಲ್ಲನೆ ಕರೆದ ಹುಡುಗಿಗೆ ಉತ್ತರ ಸಿಗದೆ ಅವಳು ಮತ್ತೆ ಕೇಳದೇ ಉಳಿದರೆ ಅದು ಕೇವಲ ನನ್ನ ಅನನುಕೂಲವಲ್ಲ. ಇದಕ್ಕೆ ಕಾರಣ ತಲೆಯ ನೆರಳು. ಎಡದಿಂದ ಬಂದ ಶಬ್ದದ ಮಂದ್ರಭಾಗ ತಲೆಯನ್ನು ಬಳಸಿಕೊಂಡು ಬಲಗಿವಿಗೆ ಹೆಚ್ಚು ಕಡಿಮೆ ಪೂರ್ತಿಯಾಗಿ ತಲಪುತ್ತದೆ. ತೀಕ್ಷ್ಣಭಾಗವಾದರೋ 15ರಿಂದ 20 ಡೆಸಿಬೆಲ್‌ನಷ್ಟು ಕುಗ್ಗಬಹುದು. ಸ, ಶ, ಚ, ತ ಮುಂತಾದ ವ್ಯಂಜನಗಳ ಸ್ಪಷ್ಟತೆ ಇರುವುದು ಈ ತೀಕ್ಷ್ಣಭಾಗದಲ್ಲಿ. ಆದ್ದರಿಂದಲೇ ಯಾರೋ ಮಾತಾಡಿದ್ದು ತಿಳಿಯುತ್ತದೆ, ಏನೆಂದದ್ದು ತಿಳಿಯುವುದಿಲ್ಲ.

ಎಡಗಿವಿಗೆ ಸಾಮಾನ್ಯ ಹಿಯರಿಂಗ್ ಏಡ್ ಹಾಕಿದ್ದು ಮೊದಲ ಪ್ರಯೋಗ. ಕಿವಿಯ ಹಿಂದೆ ಕೂರುವ ಶಕ್ತಿಶಾಲಿ ಸಾಧನವದು, ಕಿವಿಯ ಅಚ್ಚು ತೆಗೆದು ಮಾಡಿಸಿದ ಮೋಲ್ಡಿನೊಂದಿಗೆ. ಶಬ್ದವೇನೋ ಬಂತು, ಪಾತ್ರೆ ಬಿದ್ದದ್ದು, ಬಾಗಿಲು ಬಡಿದದ್ದು ಎಡಬದಿಯಲ್ಲೇ ಆಯಿತೆಂದು ಹೊಳೆಯುತ್ತಿತ್ತು, ಆ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಾತು ಒಡೆದು ಕೇಳಿಸುತ್ತಿತ್ತು. ಆ ಒಡಕು ಬಲಗಿವಿಯ ಸ್ವಚ್ಛ ಮಾತಿನ ಮೇಲೆ ಬಂದು ಕೂರುತ್ತಿದ್ದುದರಿಂದ, ಸಾಧನ ತೆಗೆದಾಗಲೇ ಮಾತು ಹೆಚ್ಚು ಸ್ಪಷ್ಟವಾಗುತ್ತಿತ್ತು. ಪದಗಳನ್ನು ಗುರುತಿಸದ ಕಿವಿಗೆ ಗಟ್ಟಿಯಾಗಿ ಹೇಳಿ ಪ್ರಯೋಜನವಿಲ್ಲ ಎಂಬುದು ಇದರಿಂದ ನನಗೆ ಮನದಟ್ಟಾಯಿತು. ಆದರೆ ಇದನ್ನೇ ಎಲ್ಲರಿಗೂ ಅನ್ವಯಿಸಬಾರದು. ನನ್ನ ಭಾವನವರಿಗೆ ಬಲಗಿವಿಯಲ್ಲಿ 50 ಡೆಸಿಬೆಲ್ ನಷ್ಟವಿದೆ, ಪದ ಗುರುತಿಸುವ ಅಂಕ 80ರ ಮೇಲಿದೆ; ಅವರಿಗೆ ಇದೇ ಬಗೆಯ ಸಾಧನ, ಇನ್ನೂ ಕಡಿಮೆ ಬೆಲೆಯದ್ದು, ಅತ್ಯುತ್ತಮವಾಗಿ ಒದಗಿದೆ. ಅವರ ಎರಡೂ ಕಿವಿಗಳು ನಿಜವಾಗಿ ಜತೆಗೂಡಿ ಕೆಲಸ ಮಾಡುತ್ತಿವೆ. ಅಂಥ ಕಿವಿ ಇದ್ದವರು ಮುಂದೆ ಹೇಳುವ ಯಾವುದರ ಹಿಂದೆಯೂ ಹೋಗಬೇಕಾಗಿಲ್ಲ.

ಎರಡನೆಯದು ಕ್ರಾಸ್ ಎಂದು ಕರೆಯುವ ವ್ಯವಸ್ಥೆ. ಇದರಲ್ಲಿ ಎರಡು ಕಿವಿಗೂ ಒಂದೊಂದು ತುಂಡು. ಕೇಳದ ಕಿವಿಯ ಮೇಲಿನದ್ದು ಆ ಕಿವಿಗೆ ಏನನ್ನೂ ಕೊಡುವುದಿಲ್ಲ. ಆ ಬದಿಯ ಶಬ್ದವನ್ನು ಮೈಕಿನಿಂದ ಹಿಡಿದು ತಂತಿಯಿಲ್ಲದೆ ಒಳ್ಳೆಯ ಕಿವಿಯ ತುಂಡಿಗೆ ಕಳಿಸುತ್ತದೆ. ಒಳ್ಳೆಯ ಕಿವಿಯನ್ನು ಮುಚ್ಚದಂತೆ ತೂತುಗಳಿರುವ ಮೆತ್ತನೆಯ ಗುಬುಟು ಹಾಕುವುದು ಇಲ್ಲಿ ಬಹಳ ಮುಖ್ಯ, ಇಲ್ಲದಿದ್ದರೆ ಇದ್ದ ಕಿವಿಯನ್ನೂ ಅರೆಮುಚ್ಚಿದಂತಾಗುತ್ತದೆ. ತರಗತಿಯಲ್ಲಿ ಇದರ ಉಪಯೋಗ ಮೊದಲ ಗಂಟೆಯಲ್ಲೇ ಕಂಡಿತು. ಎಡ ಬೆಂಚಿನ ಮಕ್ಕಳ ಮಾತು ಪದಪದವಾಗಿ ತಿಳಿಯಿತು. ಹಾಗೆ ಕೇಳಿದ ಮಾತು ಎಡದಿಂದ ಬಂದಂತೆ ಅನಿಸುವುದಿಲ್ಲ, ಎಲ್ಲವೂ ಬಲಗಿವಿಯೊಳಗೇ ನಡೆಯುತ್ತದೆ. ಯಾರು ಕೇಳಿದರೆಂದು ಕಣ್ಣಿನಿಂದ ಹುಡುಕಬೇಕು. "ಟೀಚರೇ, ಮಾತಾಡಿದ್ದು ನಾನು, ಈಚೆ ಬದಿ" ಎಂದು ಕೈಯೆತ್ತಿ ಹೇಳುವುದನ್ನು ಮಕ್ಕಳು ತಾವಾಗಿಯೇ ರೂಢಿ ಮಾಡಿಕೊಂಡರು.

ಕ್ರಾಸ್‌ನ ದೋಷವನ್ನು ಮಾರುವವರು ಬಿಡಿಸಿ ಹೇಳುವುದು ಕಡಿಮೆ, ಆದ್ದರಿಂದ ಇಲ್ಲಿ ವಿವರವಾಗಿ ಹೇಳುತ್ತೇನೆ. ಮಾತಾಡುವವರು ಕೇಳದ ಬದಿಯಲ್ಲಿದ್ದು ಗದ್ದಲ ಒಳ್ಳೆಯ ಬದಿಯಲ್ಲಿದ್ದರೆ ಅದು ನೆರವಾಗುತ್ತದೆ. ಅದೇ ತಿರುಗಿ, ಮಾತಾಡುವವರು ನನ್ನ ಬಲಕ್ಕಿದ್ದು ಗದ್ದಲ ಎಡಕ್ಕಿದ್ದರೆ, ತಲೆಯ ನೆರಳು ತಡೆದಿದ್ದ ಗದ್ದಲವನ್ನೂ ಅದು ಹೊತ್ತು ತಂದು ಒಳ್ಳೆಯ ಕಿವಿಗೆ ಸುರಿಯುತ್ತದೆ. ಜೆಂಬರದ ಮನೆಯಲ್ಲಿ ಎಡಕ್ಕೆ ಬಡಿಸುವವರ ಗೌಜಿ, ಬಲಕ್ಕೆ ಮಾತಾಡುವ ಅತ್ತೆ. ಸಾಧನವನ್ನು ತೆಗೆದು ಚೀಲದಲ್ಲಿಟ್ಟ ಮೇಲೆಯೇ ಅತ್ತೆಯ ಮಾತು ಸರಿಯಾಗಿ ಕೇಳಿದ್ದು. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಅದು ಏನೂ ಉಪಕರಿಸಲಿಲ್ಲ, ಮಳೆಯ ಸದ್ದು ಎಲ್ಲ ಬದಿಯಿಂದಲೂ ಬರುತ್ತದೆ. ಯಕ್ಷಗಾನ ಬಯಲಾಟದಲ್ಲಿ ಚೆಂಡೆಯ ಪೆಟ್ಟು ಎರಡು ಹಾದಿಯಿಂದ ಒಂದೇ ಕಿವಿಗೆ ಬಂದು ಭಾಗವತರ ಪದ ಮಸುಕಾಯಿತು. ಆಟಕ್ಕೆ ಹೋಗುವಾಗ ನಾನು ಇದನ್ನು ಹಾಕುವುದಿಲ್ಲ. ಆದರೆ ಪಂಚಾಯತು ಕಚೇರಿಯಲ್ಲಿ, ಸರಕಾರಿ ಅರ್ಜಿಗಳನ್ನು ಹಾಕುವ ಅಕ್ಷಯ ಕೇಂದ್ರದಲ್ಲಿ ಇದರ ಬೆಲೆ ತಿಳಿಯಿತು. ಅಲ್ಲಿ ವ್ಯವಹಾರ ಮಲಯಾಳದಲ್ಲಿ. ಕನ್ನಡದಲ್ಲಿ ಅಥವಾ ತುಳುವಿನಲ್ಲಿ ಎರಡು ಅಕ್ಷರ ತಪ್ಪಿದರೂ ವಾಕ್ಯ ಕೈಗೆ ಸಿಗುತ್ತದೆ; ಮಲಯಾಳದ ಸರಕಾರಿ ಮಾತಿನಲ್ಲಿ ಒಂದು ಅಕ್ಷರ ತಪ್ಪಿದರೆ ಯಾವ ಕಾಗದ ತರಬೇಕೆಂಬುದೇ ತಿಳಿಯದೆ ಮನೆಗೆ ಮರಳಬೇಕಾಗುತ್ತದೆ. ಹಲವು ಭಾಷೆಗಳ ನಡುವೆ ಬದುಕುವ ನಮ್ಮಂಥವರಿಗೆ ಒಂದು ಕಿವಿಯ ನಷ್ಟ ಒಂದೇ ಭಾಷೆಯ ಊರಿನವರಿಗಿಂತ ಭಾರವಾದದ್ದು ಎಂದು ನಾನು ದೃಢವಾಗಿ ನಂಬುತ್ತೇನೆ, ಸಾಧನ ಬೇಕೇ ಬೇಡವೇ ಎಂಬ ಲೆಕ್ಕದಲ್ಲಿ ಇದೂ ಸೇರಬೇಕು.

ಎಲುಬಿನ ಮೂಲಕ ಶಬ್ದ ಸಾಗಿಸುವ ಸಾಧನ ಮೂರನೆಯದು. ಕೇಳದ ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು ಕುಳಿತ ಯಂತ್ರ ಶಬ್ದವನ್ನು ಕಂಪನವಾಗಿ ಮಾಡುತ್ತದೆ, ಕಂಪನ ತಲೆಬುರುಡೆಯ ಮೂಲಕ ಆಚೆಯ ಒಳಕಿವಿಯನ್ನು ಮುಟ್ಟುತ್ತದೆ. ಎಲುಬಿನಲ್ಲಿ ಟೈಟಾನಿಯಂ ತಿರುಪನ್ನು ಕೂರಿಸಿ ಅದಕ್ಕೆ ಯಂತ್ರ ಸಿಕ್ಕಿಸುವ ಕ್ರಮ 1977ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಆರಂಭವಾಯಿತು. ಶಸ್ತ್ರಕ್ರಿಯೆಗೆ ಮೊದಲು ತಲೆಪಟ್ಟಿಯಲ್ಲಿ ಕಟ್ಟಿ ಪರೀಕ್ಷಿಸಲು ಅವಕಾಶವಿದೆ, ನಾನು ಮಾಡಿದ್ದು ಅಷ್ಟೇ. ಬಲಗಿವಿ ಪೂರ್ತಿ ತೆರೆದಿರುತ್ತದೆ ಎಂಬುದು ಇದರ ದೊಡ್ಡ ಗುಣ. ಪಟ್ಟಿಯಲ್ಲಿ ಕಟ್ಟಿದಾಗ ತೀಕ್ಷ್ಣಶಬ್ದಗಳ ಒಂದು ಪಾಲನ್ನು ಚರ್ಮವೇ ಹೀರುವುದರಿಂದ ಮಾತು ಕ್ರಾಸ್‌ಗಿಂತ ಮಬ್ಬಾಗಿತ್ತು, ಒತ್ತಡದಿಂದ ಸಂಜೆಗೆ ತಲೆನೋವು ಬರುತ್ತಿತ್ತು, ಸೆಖೆಯ ದಿನಗಳಲ್ಲಿ ಪಟ್ಟಿಯ ಕೆಳಗೆ ಬೆವರು. ದಿಕ್ಕು ಇದರಿಂದಲೂ ಮರಳಲಿಲ್ಲ. ಕಿವಿ ಸೋರುವ ತೊಂದರೆಯಿರುವವರಿಗೆ, ಹುಟ್ಟಿನಿಂದ ಕಿವಿಯ ನಾಳವೇ ಇಲ್ಲದವರಿಗೆ ಮೋಲ್ಡು ಹಾಕುವಂತಿಲ್ಲ. ಒಳಕಿವಿ ಚೆನ್ನಾಗಿದ್ದರೆ ಅವರಿಗೆ ಇದು ಎಲ್ಲಕ್ಕಿಂತ ಮೇಲಾದ ಆಯ್ಕೆ.

ಪದ ಗುರುತಿಸದ ನನ್ನಂಥವರ ಕಿವಿಗೆ ಮಾತಿನ ದಿಕ್ಕಿನ ಅರಿವನ್ನು ಸ್ವಲ್ಪವಾದರೂ ಮರಳಿಸುವುದು ಕಾಕ್ಲಿಯರ್ ಇಂಪ್ಲಾಂಟ್ ಮಾತ್ರ. ಕ್ರಾಸ್ ಮತ್ತು ಎಲುಬಿನ ಸಾಧನ ಎರಡೂ ಶಬ್ದವನ್ನು ಇದ್ದ ಒಂದೇ ಕಿವಿಗೆ ಸಾಗಿಸುತ್ತವೆ, ಇಂಪ್ಲಾಂಟ್ ಕೇಳದ ಕಿವಿಯ ನರಕ್ಕೇ ವಿದ್ಯುತ್ ಸಂಕೇತ ಕೊಡುತ್ತದೆ. ಒಂದು ಬದಿಯ ಕಿವುಡಿಗೆ ಇದನ್ನು ಬಳಸಲು ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 2019ರಲ್ಲಿ. ಇದನ್ನು ಹಾಕಿ ನೋಡಿ ಹಿಂದೆ ಕೊಡುವಂತಿಲ್ಲ. ಶಸ್ತ್ರಕ್ರಿಯೆ ಬೇಕು, ಖರ್ಚು ಹಲವು ಲಕ್ಷಗಳದ್ದು, ಆಮೇಲೆ ತಿಂಗಳುಗಟ್ಟಲೆ ಕೇಳುವ ಅಭ್ಯಾಸ ಬೇಕು. ನಾನು ಇದನ್ನು ಬಿಟ್ಟದ್ದು ಖರ್ಚು ಮತ್ತು ವಯಸ್ಸಿನ ಕಾರಣಕ್ಕೆ. ಆದರೆ ಎಳೆಯ ಮಕ್ಕಳ ಹೆತ್ತವರು, ಇತ್ತೀಚೆಗೆ ಕಿವಿ ಕಳೆದುಕೊಂಡ ಯುವಕರು ಇದನ್ನು ಮುಂದೂಡದೆ ವಿಚಾರಿಸಲಿ ಎಂದು ಕಳಕಳಿಯಿಂದ ಹೇಳುತ್ತೇನೆ, ಏಕೆಂದರೆ ಕಿವಿ ಮೌನವಾಗಿದ್ದ ಅವಧಿ ಹೆಚ್ಚಿದಷ್ಟೂ ಫಲ ಕಡಿಮೆಯಾಗುತ್ತದೆ.

ಹಣದ ಮಾತಿನಲ್ಲಿ ಸರಕಾರದ ನೆರವನ್ನು ನಂಬಿ ಕೂರುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಎರಡೂ ಕಿವಿಗಳಲ್ಲಿ 60 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚು ನಷ್ಟ ಇರುವವರನ್ನು ಮಾತ್ರ ಶ್ರವಣದೋಷವುಳ್ಳವರೆಂದು ಗುರುತಿಸುತ್ತದೆ. ಒಂದು ಕಿವಿ ಸಹಜವಾಗಿದ್ದವರು ಆ ಲೆಕ್ಕದೊಳಗೆ ಬರುವುದಿಲ್ಲ, ಇದು ನ್ಯಾಯವೆಂದು ನನಗೆ ಅನಿಸುವುದಿಲ್ಲ. ಕ್ರಾಸ್‌ನ ಎರಡು ತುಂಡುಗಳಿಗೆ ನನಗೆ ಹೇಳಿದ ಬೆಲೆಗಳೆಲ್ಲ ಲಕ್ಷದ ಆಚೆಯವು. ಸತತವಾಗಿ ಶಬ್ದ ರವಾನಿಸುವುದರಿಂದ ಬ್ಯಾಟರಿಯೂ ಸಾಮಾನ್ಯ ಸಾಧನಕ್ಕಿಂತ ಬೇಗ ಮುಗಿಯುತ್ತದೆ. ಮಳೆಗಾಲದಲ್ಲಿ ಎರಡು ದಿನ ಕರೆಂಟು ಇಲ್ಲದಿರುವುದು ನಮ್ಮ ಒಳಊರುಗಳಲ್ಲಿ ಹೊಸತಲ್ಲವಾದ ಕಾರಣ ಚಾರ್ಜು ಮಾಡುವ ಮಾದರಿಯನ್ನು ಬಿಟ್ಟು, ಬಿಲ್ಲೆ ಬ್ಯಾಟರಿ ಹಾಕುವುದನ್ನೇ ಆರಿಸಿದೆ. ರಾತ್ರಿ ಸಿಲಿಕಾ ಜೆಲ್ ಇರುವ ಮುಚ್ಚಳದ ಡಬ್ಬಿಯಲ್ಲಿಡದಿದ್ದರೆ ಇಲ್ಲಿನ ತೇವಕ್ಕೆ ಯಾವ ಸಾಧನವೂ ಬಾಳುವುದಿಲ್ಲ.

ಇಷ್ಟನ್ನು ತೂಗಿ ನಾನು ಕ್ರಾಸ್ ಕೊಂಡೆ. ಶಾಲೆಗೆ, ಸಭೆಗೆ, ಕಚೇರಿಗೆ ಹಾಕುತ್ತೇನೆ. ಮನೆಯಲ್ಲಿ, ಜೆಂಬರದಲ್ಲಿ ಎಡತುದಿಯ ಜಾಗವೇ ಸಾಕು. ಹೆದ್ದಾರಿ ದಾಟುವಾಗ ಅದನ್ನು ನಂಬದೆ ಎರಡೂ ಬದಿ ನೋಡಿಯೇ ದಾಟುತ್ತೇನೆ, ಏಕೆಂದರೆ ಲಾರಿಯ ಹಾರ್ನ್ ಯಾವ ಕಡೆಯದ್ದೆಂದು ಅದು ಹೇಳುವುದಿಲ್ಲ. ಹಾಕಿ ನೋಡಲು ಕೊಡದ ಅಂಗಡಿಯಿಂದ ಯಾರೂ ಕೊಳ್ಳಬಾರದು, ಹಿಂದೆ ಕೊಟ್ಟರೆ ಎಷ್ಟು ಹಣ ಮರಳುತ್ತದೆ ಎಂಬುದನ್ನು ಬರೆಸಿಕೊಳ್ಳಬೇಕು. ಅಂಗಡಿಯ ಸದ್ದಿಲ್ಲದ ಕೋಣೆಯಲ್ಲಿ ಎಲ್ಲ ಸಾಧನವೂ ಚೆನ್ನಾಗಿಯೇ ಕೇಳಿಸುತ್ತದೆ. ತೀರ್ಮಾನ ಆಗಬೇಕಾದದ್ದು ನಮ್ಮ ಬಸ್ಸಿನಲ್ಲಿ, ನಮ್ಮ ಕೆಲಸದ ಜಾಗದಲ್ಲಿ. ವಯಸ್ಸಿನೊಂದಿಗೆ ನನ್ನ ಬಲಗಿವಿಯೂ ಕುಗ್ಗಿದರೆ ಇದೇ ಜೋಡಿಯ ಬಲ ತುಂಡನ್ನು ಆ ಕಿವಿಯ ನಷ್ಟಕ್ಕೆ ತಕ್ಕಂತೆ ಹೊಂದಿಸಿ ಬೈಕ್ರಾಸ್ ಆಗಿ ಬಳಸಬಹುದು ಎಂದು ತಜ್ಞೆ ತೋರಿಸಿಕೊಟ್ಟದ್ದೂ ನನ್ನ ಆಯ್ಕೆಗೆ ಒಂದು ಕಾರಣವಾಯಿತು. ಅದಕ್ಕಾಗಿ ವರ್ಷಕ್ಕೊಮ್ಮೆ ಬಲಗಿವಿಯ ಪರೀಕ್ಷೆ ಮಾಡಿಸುತ್ತಿದ್ದೇನೆ.