ಚಿತ್ತಾರದ ಕಾಫಿ ಮಗ್: ಮಣ್ಣು ಗಟ್ಟಿ, ಬಣ್ಣ ಮೇಲುಮೇಲಿನದು

ಕಡುನೀಲಿ ಮೈಯ ಮೇಲೆ ಕಾಫಿಯ ರೆಂಬೆ, ಕೆಂಪು ಹಣ್ಣಿನ ಗೊಂಚಲು, ಅಂಚಿಗೆ ಚಿನ್ನದ ಗೆರೆ ಇರುವ ಈ ಸಿರಾಮಿಕ್ ಮಗ್ ಕಾಫಿಪ್ರಿಯರ ಕಣ್ಣನ್ನು ಥಟ್ಟನೆ ಸೆಳೆಯುತ್ತದೆ. ಆದರೆ ಇದನ್ನು ಮಾಡಿದ ಕುಂಬಾರಿಕೆಗೂ ಇದರ ಅಲಂಕಾರಕ್ಕೂ ಒಂದೇ ಅಂಕ ಕೊಡಲು ಸಾಧ್ಯವಿಲ್ಲ.

ಮೊದಲು ಮಣ್ಣಿನ ವಿಷಯ. ಇದು ಸುಮಾರು 1200 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೇಲಿನ ಶಾಖದಲ್ಲಿ ಸುಡುವ ಸ್ಟೋನ್‌ವೇರ್ ಜಾತಿಯದು. ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಇಲ್ಲದ ತಳದ ಉಂಗುರವನ್ನು ನೀರಿನಲ್ಲಿಟ್ಟು ತೆಗೆದರೂ ಅದು ನೀರು ಹೀರುವುದಿಲ್ಲ. ಚೆನ್ನಾಗಿ ಬೆಂದಿದೆ ಎಂಬುದಕ್ಕೆ ಅಷ್ಟು ಸಾಕು. ಗೋಡೆ ದಪ್ಪವಾಗಿರುವುದರಿಂದ ಸುರಿದ ತಕ್ಷಣ ಕಾಫಿಯ ಬಿಸಿಯನ್ನು ತಾನೇ ಒಂದಿಷ್ಟು ನುಂಗಿಬಿಡುತ್ತದೆ, ಹಾಗಾಗಿ ಮೊದಲು ಬಿಸಿನೀರು ತುಂಬಿ ಚೆಲ್ಲಿ ಆಮೇಲೆ ಕಾಫಿ ಹಾಕುವುದು ಮೇಲು. ತುಟಿಗೆ ತಾಗುವ ಅಂಚನ್ನು ತೆಳುವಾಗಿ ಇಳಿಸಿದ್ದಾರೆ. ಹಿಡಿಯಲ್ಲಿ ಮೂರು ಬೆರಳು ಸಲೀಸಾಗಿ ಹೋಗುತ್ತವೆ. 350 ಮಿಲಿಲೀಟರ್ ಎಂದು ಬರೆದಿರುವುದು ಮಾತ್ರ ಕಂಠಮಟ್ಟದ ಲೆಕ್ಕ. ಚೆಲ್ಲದಂತೆ ಕುಡಿಯಬೇಕೆಂದರೆ 300ರ ಆಸುಪಾಸಿಗೆ ನಿಲ್ಲಿಸಬೇಕು.

ತಕರಾರು ಇರುವುದು ಚಿತ್ತಾರದಲ್ಲಿ. ಎಲೆಗಳ ಮೇಲೆ ಬೆರಳಾಡಿಸಿದರೆ ಅಂಚು ಕೈಗೆ ಸಿಗುತ್ತದೆ, ಅಂದರೆ ಚಿತ್ರವು ಗ್ಲೇಜ್‌ನ ಅಡಿಯಲ್ಲಿ ಭದ್ರವಾಗಿರದೆ ಅದರ ಮೇಲೆ ಕುಳಿತಿದೆ. ಇಂತಹ ಡೆಕಾಲ್ ಚಿತ್ರಗಳನ್ನು (ಹಾಳೆಯ ಮೇಲೆ ಅಚ್ಚುಹಾಕಿ ಮಗ್‌ಗೆ ವರ್ಗಾಯಿಸುವ ಚಿತ್ರಗಳನ್ನು) ಸಾಮಾನ್ಯವಾಗಿ 800 ಡಿಗ್ರಿಯ ಆಸುಪಾಸಿನಲ್ಲಿ ಮತ್ತೊಮ್ಮೆ ಸುಟ್ಟು ಅಂಟಿಸುವುದರಿಂದ, ಒರಟು ಉಜ್ಜುವಿಕೆಯನ್ನೂ ಡಿಶ್‌ವಾಷರ್‌ನ ಕ್ಷಾರಯುಕ್ತ ಪುಡಿಯನ್ನೂ ಅವು ಬಹುಕಾಲ ತಾಳುವುದಿಲ್ಲ. ಚಿನ್ನದ ಗೆರೆ ಲೋಹವೇ ಆದ್ದರಿಂದ ಮೈಕ್ರೋವೇವ್‌ನಲ್ಲಿ ಕಿಡಿ ಹಾರುವ ಅಪಾಯವಿದೆ. ಕಾಫಿ ಆರಿದರೆ ಬೇರೆ ಪಾತ್ರೆಯಲ್ಲೇ ಬಿಸಿಮಾಡಿಕೊಳ್ಳಬೇಕು. ಅದಕ್ಕಿಂತ ಗಂಭೀರವಾದುದು, ಢಾಳಾದ ಕೆಂಪು ಬಣ್ಣಗಳಲ್ಲಿ ಸೀಸದಂತೆಯೇ ವಿಷಕಾರಿಯಾದ ಕ್ಯಾಡ್ಮಿಯಂ ಲೋಹದ ಬಳಕೆ ಸಾಮಾನ್ಯವಾಗಿದ್ದರೂ, ಸೀಸ ಮತ್ತು ಕ್ಯಾಡ್ಮಿಯಂ ಪರೀಕ್ಷೆಯ ಬಗ್ಗೆ ಪೆಟ್ಟಿಗೆಯ ಮೇಲೆ ಒಂದಕ್ಷರವೂ ಇಲ್ಲ. ಹಣ್ಣಿನ ಗೊಂಚಲು ತುಟಿ ತಾಗುವಷ್ಟು ಮೇಲಕ್ಕೆ ಬಂದಿರುವಾಗ ಈ ಮೌನ ಒಪ್ಪತಕ್ಕದ್ದಲ್ಲ.

ಒಳಮೈ ಬಿಳಿಯಾಗಿರುವುದು ಕಾಫಿಯ ಬಣ್ಣ ನೋಡಿಯೇ ಹದ ಹೇಳುವವರಿಗೆ ಹಿತ. ಚಮಚದಿಂದ ಮೂಡುವ ಬೂದುಗೆರೆಗಳನ್ನು ಬಿರುಕೆಂದು ಭಾವಿಸಬೇಕಿಲ್ಲ. ಬಹುತೇಕ ಅವು ಚಮಚದ ಲೋಹವೇ ಸವೆದು ಅಂಟಿದ ಗುರುತುಗಳು. ಕಾಫಿಯ ಕಲೆಗೆ ಅಡುಗೆ ಸೋಡಾದ ಲೇಪ ಸಾಕು.

ಕೈಯಲ್ಲಿ ತೊಳೆಯುವ ತಾಳ್ಮೆಯಿರುವವರು, ತಯಾರಕರಿಂದ ಸೀಸ ಮತ್ತು ಕ್ಯಾಡ್ಮಿಯಂ ಬಗ್ಗೆ ಲಿಖಿತ ಭರವಸೆ ಪಡೆದ ಮೇಲೆ ಇದನ್ನು ಕೊಳ್ಳಬಹುದು. ದಿನಕ್ಕೆ ನಾಲ್ಕು ಬಾರಿ ಕಾಫಿ ಕುಡಿಯುವವರಿಗೆ ಇದೇ ಆಕಾರದ, ಚಿತ್ರವಿಲ್ಲದ ನೀಲಿ ಮಗ್ ಹೆಚ್ಚು ಬಾಳಿಕೆಯದು.