ತಾರಸಿ ಮೇಲಿನ ತೈಚಿ ಕ್ಲಾಸ್: ಐದಕ್ಕೆ ಮೂರೂವರೆ

ತುಮಕೂರಲ್ಲಿ ಅಮಾನಿಕೆರೆ ಹತ್ತಿರದ ಒಂದು ತೈಚಿ ಕ್ಲಾಸಿಗೆ ಮೂರು ತಿಂಗಳಿಂದ ಹೋಗುತ್ತಿದ್ದೇನೆ. ತೈಚಿ ಅಂದರೆ ನಿಧಾನಕ್ಕೆ ಮಾಡುವ ಚೀನೀ ಸಮರಕಲೆ. ಬೈಯುವುದೂ ಸ್ವಲ್ಪ ಇದೆ, ಅದಕ್ಕೇ ಹೆಸರು ಹಾಕಿಲ್ಲ. ತಿಂಗಳಿಗೆ 1,200 ರೂಪಾಯಿ, ವಾರಕ್ಕೆ ಮೂರು ದಿನ, ಬೆಳಿಗ್ಗೆ ಆರಕ್ಕೆ, ಮನೆಯೊಂದರ ತಾರಸಿ ಮೇಲೆ. ಮಳೆ ಬಂದರೆ ಕಾಲು ಜಾರುತ್ತೆ, ಹುಷಾರು.

ಮೊದಲ ತಿಂಗಳು ಬರೀ 24 ಭಂಗಿಗಳ ಫಾರ್ಮ್, ಅಂದರೆ ಒಂದಾದ ಮೇಲೊಂದು ಮಾಡುವ ಭಂಗಿಗಳ ಸರಣಿ. 1956ರಲ್ಲಿ ಚೀನಾದ ಕ್ರೀಡಾ ಇಲಾಖೆಯವರು ಯಾಂಗ್ ಅನ್ನುವ ತೈಚಿ ಶೈಲಿಯನ್ನು ಚಿಕ್ಕದು ಮಾಡಿ ಜನರಿಗೆ ಅಂತ ಕಟ್ಟಿದ್ದು. ನನಗೆ ಮಂಡಿನೋವು ಬಂತು, ಬೇಜಾರೂ ಆಯಿತು.

ಎರಡನೇ ತಿಂಗಳಿಗೆ ಜೋಡಿ ಅಭ್ಯಾಸ ಶುರು, ತುಯ್‌ಶೋ ಅಂತಾರೆ. ಇಬ್ಬರು ಎದುರುಬದುರು ನಿಂತು ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ನಿಧಾನಕ್ಕೆ ಸುತ್ತಿಸುವುದು. ಕೈ ಬಿಡಬಾರದು, ಒತ್ತಲೂ ಬಾರದು. ಇಷ್ಟೇನಾ ಅಂದುಕೊಂಡೆ. ನನಗೆ ಜೋಡಿ ಸಿಕ್ಕವರು ತಿಪಟೂರು ಕಡೆ ಎಷ್ಟೋ ವರ್ಷ ತೆಂಗಿನಕಾಯಿ ಸುಲಿದವರು, ನನಗಿಂತ ಒಂದು ಗೇಣು ಕುಳ್ಳ. ತಳ್ಳೋಣ ಅಂತ ನಾನು ಅಂದುಕೊಳ್ಳುವಷ್ಟರಲ್ಲಿ ಅವರ ಕೈ ಅಲ್ಲಿರುತ್ತಿರಲಿಲ್ಲ, ಆದರೆ ನನ್ನ ಕೈಯಿಂದ ಬಿಟ್ಟೂ ಹೋಗಿರುತ್ತಿರಲಿಲ್ಲ, ನನ್ನ ಹಿಮ್ಮಡಿ ಮಾತ್ರ ನೆಲ ಬಿಟ್ಟಿರುತ್ತಿತ್ತು! ಹೇಗೆ ಅಂತ ಕೇಳಿದೆ. "ತಳ್ಳೋಕೆ ಮುಂಚೆ ಉಸಿರು ಹಿಡೀತೀರಲ್ಲ ಸಾರ್, ಭುಜ ಕಲ್ಲಾಗುತ್ತೆ, ಅಲ್ಲೇ ಗೊತ್ತಾಗ್ಬಿಡುತ್ತೆ" ಅಂದರು.

ಚೀನೀಯರು ಇದಕ್ಕೆ ತಿಂಗ್ ಜಿನ್ ಅಂತಾರೆ, ಕೇಳಿಸಿಕೊಳ್ಳುವ ಶಕ್ತಿ. ಕಿವಿಯಿಂದಲ್ಲ, ಚರ್ಮದಿಂದ. ಯೀ, ಅಂದರೆ ಮನಸ್ಸಿನ ಉದ್ದೇಶ, ಕೈಗಿಂತ ಮುಂಚೆ ಹೊರಡುತ್ತೆ ಅನ್ನುವ ಮಾತನ್ನು ನಾನು ಮೊದಲು ನಂಬಿರಲಿಲ್ಲ. ಮಂತ್ರ ಏನಿಲ್ಲ. ಕೈ ಹೊರಡುವ ಮುಂಚೆ ಹಿಂಗಾಲಿಗೆ ಭಾರ ಹೋಗಿರುತ್ತೆ, ಸೊಂಟ ಒಂದು ಕೂದಲೆಳೆ ತಿರುಗಿರುತ್ತೆ, ತಾಗಿರುವ ಕೈಗೆ ಅದು ಸುದ್ದಿ ಮುಟ್ಟಿಸುತ್ತೆ. ಆರು ವಾರ ಆದ ಮೇಲೆ ನನಗೂ ಹತ್ತಕ್ಕೆ ಎರಡು ಸಲ ಸಿಗುತ್ತಿದೆ. ಆ ಎರಡು ಸಲದ ಖುಷಿಗೇ ದುಡ್ಡು ವಸೂಲಿ.

ಈಗ ಬೈಗುಳ. ಭಾನುವಾರ ಗುರುಗಳ ಪ್ರದರ್ಶನ ಇರುತ್ತೆ. ಬೆರಳು ತಾಗಿಸಿದರೆ ಸಾಕು, ಹಳೇ ಶಿಷ್ಯರು ಕಪ್ಪೆ ಥರ ಆರಡಿ ಹಿಂದಕ್ಕೆ ಕುಪ್ಪಳಿಸುತ್ತಾರೆ. ನನ್ನ ಸರದಿ ಬಂತು, ಸುಮ್ನೆ ನಿಂತಿದ್ದೆ. ಮೂರು ಸಲ ತಳ್ಳಿ ನೋಡಿ, "ನಿಮ್ಮಲ್ಲಿ ಚೀ ಹರೀತಿಲ್ಲ" ಅಂದುಬಿಟ್ಟರು. ಚೀ ಅಂದರೆ ಮೈಯೊಳಗೆ ಹರಿಯುತ್ತೆ ಅಂತ ಅವರು ನಂಬುವ ಪ್ರಾಣಶಕ್ತಿ. ನಾಲ್ಕು ಲಿಯಾಂಗ್‌ನಿಂದ ಸಾವಿರ ಜಿನ್ ಕದಲಿಸು ಅಂತ ಹಳೇ ತೈಚಿ ಪದ್ಯ ಹೇಳುತ್ತೆ, ನಿಜ. ಎರಡೂ ಚೀನೀ ತೂಕದ ಅಳತೆ, ಈ ಜಿನ್ ಬೇರೆ, ಆ ತಿಂಗ್ ಜಿನ್ ಬೇರೆ. ನಾಲ್ಕು ಲಿಯಾಂಗ್ ಅಂದರೆ ಹಳೇ ಲೆಕ್ಕದಲ್ಲಿ ಸುಮಾರು 150 ಗ್ರಾಂ, ಹೆಚ್ಚೂಕಮ್ಮಿ ಕ್ಯಾತ್ಸಂದ್ರದ ಒಂದು ತಟ್ಟೆ ಇಡ್ಲಿ. ಅಷ್ಟಾದರೂ ಬೇಕಲ್ವಾ, ಸೊನ್ನೆ ಅಂತ ಯಾರೂ ಹೇಳಿಲ್ಲ! ಮರ್ಯಾದೆಗೆ ಬೀಳುವ ಜೊತೆಗಾರ ಸಿಕ್ಕರೆ ನೀವು ಏನೂ ಕಲಿಯಲ್ಲ, ಕಲಿತೆ ಅಂತ ಮಾತ್ರ ಅಂದುಕೊಳ್ಳುತ್ತೀರಿ. ಆ ಶಿಷ್ಯರ ಜೊತೆ ಎರಡು ದಿನ ಮಾಡಿದೆ, ನನ್ನ ತಪ್ಪು ಒಂದೂ ಕಾಣಲಿಲ್ಲ, ಎಲ್ಲದಕ್ಕೂ ಬಿದ್ದರು.

ಸೇರುವುದಾದರೆ ಮೊದಲೇ ಕೇಳಿ, ಜೋಡಿ ಬದಲಾಯಿಸಲು ಬಿಡುತ್ತೀರಾ ಅಂತ. ನಾನು ಕೇಳಿರಲಿಲ್ಲ, ಕಾಯಿ ಸುಲಿಯುವವರು ಸಿಕ್ಕಿದ್ದು ನನ್ನ ಪುಣ್ಯ. ಅವರು ಮುಂದಿನ ತಿಂಗಳೂ ಬರುತ್ತಾರಂತೆ, ನಾನೂ ಫೀಸು ಕಟ್ಟಿದ್ದೇನೆ. ಭಾನುವಾರ ಮಾತ್ರ ಹೋಗಲ್ಲ.